ಗಾಳದ ಕೋಲು ಕಟ್ಟುವವರಿಗೆ: ಅಂಟಿನ ಬಾಟಲಿ ಕೊನೆಗಿರಲಿ

ಅಂಗಡಿಯ ಗಾಳದ ಕೋಲಿಗೆ ನಿಮ್ಮ ಮೊಣಕೈ ಎಷ್ಟುದ್ದ ಎಂದು ಗೊತ್ತಿಲ್ಲ. ನೀವು ಜೊಂಡು ಬೆಳೆದ ಕೆರೆಯಲ್ಲಿ ಕೊರವ ಮೀನು ಹುಡುಕುವವರೋ, ಹಿನ್ನೀರಿನ ದಡದಲ್ಲಿ ಕಾಟ್ಲಾಕ್ಕೆ ಕಾಯುವವರೋ, ಅದೂ ಗೊತ್ತಿಲ್ಲ. ಸ್ವಂತ ಕೋಲು ಕಟ್ಟುವುದರ ಲಾಭ ಇಲ್ಲೇ ಇದೆ. ದುಡ್ಡು ಉಳಿಸಲು ಹೊರಟವರಿಗೆ ಮೊದಲ ಕೋಲು ಬುದ್ಧಿ ಕಲಿಸುತ್ತದೆ. ಕೆಲಸವೇನೂ ಕಷ್ಟದ್ದಲ್ಲ. ಎಪಾಕ್ಸಿ ಅಂಟು ಬೀಳುವವರೆಗೆ ಏನನ್ನು ಬೇಕಾದರೂ ಬಿಚ್ಚಿ ಮತ್ತೆ ಕಟ್ಟಬಹುದು, ಬಿದ್ದ ಮೇಲೆ ಆಗದು. ಆದ್ದರಿಂದ ಮುಕ್ಕಾಲು ಪಾಲು ಸಮಯ ಅಂಟಿಲ್ಲದ ಕೆಲಸಕ್ಕೇ ಹೋಗಲಿ.

1. ಮೊದಲು ಮೀನು, ಆಮೇಲೆ ಬ್ಲ್ಯಾಂಕ್. ಹಿಡಿಯಿಲ್ಲದ ಬರಿ ಕೋಲಿಗೆ ಬ್ಲ್ಯಾಂಕ್ ಎನ್ನುತ್ತಾರೆ. ಎಷ್ಟು ಪೌಂಡಿನ ದಾರ, ಎಷ್ಟು ಗ್ರಾಂ ಆಮಿಷಕ್ಕೆ ಅದು ಸರಿ ಎಂದು ತಯಾರಕರು ಹೇಳಿರುತ್ತಾರೆ. ಮೊದಲ ಸಲಕ್ಕೆ 7 ಅಡಿಯ, ಮಧ್ಯಮ ಬಿಗಿಯ ಬ್ಲ್ಯಾಂಕ್ ಸಾಕು. ತೀರಾ ಹಗುರದ ದುಬಾರಿ ಕಾರ್ಬನ್ ಬೇಡ, ಸಣ್ಣ ಗೀರು ಬಿದ್ದರೂ ಅದು ಅಲ್ಲೇ ಮುರಿಯಬಹುದು. ಗ್ಲಾಸ್ ಫೈಬರ್ ಒರಟು ಕೈಯನ್ನೂ ಸಹಿಸುತ್ತದೆ. (ಬಿದಿರು ಸೀಳಿ ಅಂಟಿಸಿ ಕೋಲು ಮಾಡುತ್ತಿದ್ದ 19ನೇ ಶತಮಾನದ ಅಮೆರಿಕನ್ನರಿಗೆ ಬಿದಿರು ಹೋಗುತ್ತಿದ್ದುದು ನಮ್ಮ ಕಲ್ಕತ್ತಾದಿಂದ. ಚೀನಾದ ಟೊಂಕಿನ್ ಬಿದಿರು ಬಂದು ಆ ಜಾಗ ಹಿಡಿದದ್ದು ಆಮೇಲೆ.)

2. ಬೆನ್ನು ಹುಡುಕಿ, ಆದರೆ ಅದಕ್ಕೇ ಜೋತುಬೀಳಬೇಡಿ. ಬುಡವನ್ನು ನೆಲಕ್ಕೂರಿ, ತುದಿಯ ಕಡೆ ಅಂಗೈಯಿಂದ ಮೆಲ್ಲಗೆ ಬಗ್ಗಿಸಿ ಉರುಳಿಸಿದರೆ ಕೋಲು ಒಂದು ಕಡೆಗೆ ತಾನೇ ಜಿಗಿದು ನಿಲ್ಲುತ್ತದೆ. ಅದೇ ಬೆನ್ನು, ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಬೆನ್ನಿನ ಬಗ್ಗೆ ವಾದಗಳು ಮುಗಿಯುವುದಿಲ್ಲ. ನನ್ನ ಮತದಲ್ಲಿ ಕೋಲಿಗೆ ಸಹಜ ಡೊಂಕಿದ್ದರೆ ಅದು ಎಡ-ಬಲಕ್ಕೆ ಬಾರದೆ ಮೇಲೆ-ಕೆಳಗೆ ಬರುವಂತೆ ಕೂರಿಸುವುದೇ ಹೆಚ್ಚು ಮುಖ್ಯ.

3. ಹಿಡಿ ನಿಮ್ಮ ಮೈಯಳತೆಗಿರಲಿ. ರೀಲನ್ನು ಟೇಪಿನಿಂದ ಕಟ್ಟಿ, ದಪ್ಪ ಅಂಗಿ ತೊಟ್ಟೇ ಎಸೆಯುವ ಅಭಿನಯ ಮಾಡಿ. ಬುಡ ಪಕ್ಕೆಗೆ ತಾಗಿದರೆ ಉದ್ದ ಹೆಚ್ಚಾಯಿತು. ಕಾರ್ಕ್‌ನ ತೂತನ್ನು ಸ್ವಲ್ಪ ಸ್ವಲ್ಪವೇ ಅರದಿಂದ ಹಿಗ್ಗಿಸಿ, ಒತ್ತಿ ತುರುಕಿದರೆ ಸೀಳುತ್ತದೆ. ರೀಲು ಕೂರುವ ಸೀಟಿನ ಒಳಗೆ ಬರುವ ಬ್ಲ್ಯಾಂಕಿನ ಭಾಗಕ್ಕೆ ಮಾಸ್ಕಿಂಗ್ ಟೇಪನ್ನು ಪಟ್ಟಿ ಪಟ್ಟಿಯಾಗಿ ಸುತ್ತಿ, ನಡುವೆ ಅಂಟು ಕೂರಲು ಜಾಗ ಬಿಡಿ.

4. ಅಡಿಗೊಂದು ಗೈಡ್, ಮೇಲೊಂದು. ದಾರ ಹಾಯುವ ಉಂಗುರಗಳೇ ಗೈಡ್. 7 ಅಡಿಯ ಕೋಲಿಗೆ ಸುಮಾರು 8. ಅವುಗಳ ಕಾಲಿನ ತುದಿಯನ್ನು ಅರದಿಂದ ಉಜ್ಜಿ ತೆಳುವಾಗಿಸಿ, ಇಲ್ಲದಿದ್ದರೆ ಗೈಡನ್ನು ಕೋಲಿಗೆ ಕಟ್ಟುವ ನೂಲು ಕಾಲನ್ನು ಹತ್ತುವ ಕಡೆ ಸಂದಿ ಬೀಳುತ್ತದೆ. ಅಡಿಭಾಗದ ಚೂಪನ್ನು ಉಪ್ಪುಕಾಗದದಿಂದ ನುಣುಪು ಮಾಡಿ, ಅದು ಬ್ಲ್ಯಾಂಕನ್ನು ಗೀಚಬಾರದು.

5. ಬಗ್ಗಿಸಿ ನೋಡದೆ ನೂಲನ್ನು ಒಂದು ಸುತ್ತೂ ಸುತ್ತಬೇಡಿ. ಹೊಸಬರು ಹಾರಿಸಿಬಿಡುವ ಹಂತ ಇದು, ಕೋಲಿನ ಗುಣ ತೀರ್ಮಾನವಾಗುವುದೂ ಇಲ್ಲೇ. ಎಲ್ಲ ಗೈಡುಗಳನ್ನೂ ತೆಳು ಟೇಪಿನಿಂದ ಅಂಟಿಸಿ. ಸ್ಪಿನ್ನಿಂಗ್ ರೀಲಾದರೆ ದೊಡ್ಡ ಗೈಡ್ ರೀಲಿನಿಂದ ಸುಮಾರು 2 ಅಡಿ ದೂರವಿರಲಿ, ತುದಿಯತ್ತ ಹೋದಂತೆ ಅಂತರ ಕಿರಿದಾಗಲಿ. ದಾರ ಪೋಣಿಸಿ, ಅದರ ತುದಿಯನ್ನು ಗೋಡೆಯ ಕೊಕ್ಕೆಗೆ ಕಟ್ಟಿ, ಹಿಡಿಯನ್ನು ನಿಧಾನಕ್ಕೆ ಎಳೆಯಿರಿ. ಕಾಲು ವೃತ್ತಕ್ಕಿಂತ ಹೆಚ್ಚು ಬಗ್ಗಿಸುವುದು ಬೇಡ. ಈಗ ಪಕ್ಕದಿಂದ ನೋಡಿ. ದಾರ ಕೋಲಿನ ಬಾಗನ್ನೇ ಹಿಂಬಾಲಿಸಬೇಕು. ಎರಡು ಗೈಡುಗಳ ನಡುವೆ ಅದು ಬಾಗನ್ನು ಬಿಟ್ಟು ಅಡ್ಡದಾರಿ ಹಿಡಿದಿದ್ದರೆ ಅವನ್ನು ಹತ್ತಿರ ಸರಿಸಿ. ರೀಲು ಮೇಲೆ ಕೂರುವ ಬೇಟ್‌ಕಾಸ್ಟಿಂಗ್ ಕೋಲಾದರೆ ದಾರ ಬ್ಲ್ಯಾಂಕಿಗೆ ಉಜ್ಜುತ್ತದೆಯೇ ಎಂದು ಪರೀಕ್ಷಿಸಿ, ಉಜ್ಜಿದರೆ ಇನ್ನೊಂದು ಗೈಡ್ ಸೇರಿಸಿ. ಟೇಪು ಇರುವಾಗಲೇ ಮೈದಾನಕ್ಕೆ ಹೋಗಿ, ಕೊಕ್ಕೆಯಿಲ್ಲದ ತೂಕ ಕಟ್ಟಿ ಹಗುರವಾಗಿ ನಾಲ್ಕು ಎಸೆತ ಎಸೆದು ನೋಡಿ.

6. ಒಂದೇ ಬಣ್ಣದ ನೂಲು. ಅಲಂಕಾರ ಎರಡನೇ ಕೋಲಿಗಿರಲಿ. ಮಾಮೂಲಿ ನೈಲಾನ್ ನೂಲು ಎಪಾಕ್ಸಿ ಕುಡಿದು ಪಾರದರ್ಶಕವಾಗುತ್ತದೆ, ಬಿಳಿಯದ್ದಂತೂ ಮಾಯವಾಗಿ ಗೈಡಿನ ಕಾಲೇ ಕಾಣುತ್ತದೆ. ಬಣ್ಣ ಹಾಗೇ ಉಳಿಯಬೇಕೆಂದರೆ ಎನ್‌ಸಿಪಿ ಎಂದು ಕೇಳಿ ತನ್ನಿ. ಸುತ್ತು ಬ್ಲ್ಯಾಂಕಿನ ಮೇಲೆ ಶುರುವಾಗಿ ಗೈಡಿನ ಕಾಲನ್ನು ಹತ್ತಬೇಕು. ಕೊನೆಯ ಐದಾರು ಸುತ್ತಿನ ಕೆಳಗೆ ಬೇರೊಂದು ನೂಲಿನ ಕುಣಿಕೆಯಿಟ್ಟು, ತುದಿಯನ್ನು ಅದರೊಳಗೆ ತೂರಿಸಿ ಎಳೆದುಬಿಡಿ. ಸಂದಿಗಳನ್ನು ಚಮಚದ ಬೆನ್ನಿನಿಂದ ಒತ್ತಿ ಮುಚ್ಚಿ. ಆಮೇಲೆ ಬುಡದಿಂದ ಒಂದು ಕಣ್ಣು ಮುಚ್ಚಿ ನೋಡಿ, ಸಾಲು ತಪ್ಪಿದ ಗೈಡನ್ನು ಈಗಲೂ ಬೆರಳಲ್ಲಿ ಸರಿಸಬಹುದು.

7. ಎಪಾಕ್ಸಿಯ ಅಳತೆ ಸಿರಿಂಜಿನಲ್ಲಿ. ಸಾಮಾನ್ಯವಾಗಿ ರೆಸಿನ್, ಹಾರ್ಡನರ್ ಎರಡೂ ಸಮ ಸಮ, ಒಂದೊಂದಕ್ಕೆ ಬೇರೆ ಸಿರಿಂಜ್. ಕಣ್ಣಂದಾಜು ಹಾಕಿದರೆ ವಾರವಾದರೂ ಅಂಟಂಟು ಹೋಗದು. ಗುಳ್ಳೆ ಏಳದಂತೆ ನಿಧಾನವಾಗಿ ಕಲಸಿ, ಕೂಡಲೇ ಅಲ್ಯುಮಿನಿಯಂ ಹಾಳೆಯ ಮೇಲೆ ಹರಡಿ. ಬಟ್ಟಲಲ್ಲೇ ಬಿಟ್ಟರೆ ತನ್ನ ಬಿಸಿಗೇ ಬೇಗ ಗಟ್ಟಿಯಾಗುತ್ತದೆ. ನೂಲಿನ ಮೇಲೆ ಒಂದು ದಪ್ಪ ಲೇಪಕ್ಕಿಂತ ಎರಡು ತೆಳು ಲೇಪ ಮೇಲು. ಕೋಲನ್ನು ತಿರುಗಿಸುವ ಮೋಟಾರು ಇಲ್ಲದಿದ್ದರೆ, ಹರಿಯುವುದು ನಿಲ್ಲುವವರೆಗೆ ಐದೈದು ನಿಮಿಷಕ್ಕೊಮ್ಮೆ ಅರ್ಧ ಸುತ್ತು ತಿರುಗಿಸುತ್ತಾ ಕೂರಬೇಕು. ಮಲೆನಾಡು, ಕರಾವಳಿಯವರು ಆಷಾಢದ ಮಳೆಯಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದು ಒಳ್ಳೆಯದು, ತೇವಕ್ಕೆ ಲೇಪ ಮಂಕಾಗುತ್ತದೆ.

8. ತುದಿಯ ಗೈಡಿಗೆ ಎಪಾಕ್ಸಿ ಬೇಡ. ಕಾಯಿಸಿ ಹಚ್ಚುವ ಅಂಟುಕಡ್ಡಿ ಸಾಕು. ನಾಳೆ ಉಂಗುರ ಒಡೆದರೆ ಬಿಸಿ ಮಾಡಿ ಕಳಚಬಹುದು.

9. ತಲೆಯ ಮೇಲೆ ನೋಡಿ. ಕಾರ್ಬನ್ ಕೋಲು ವಿದ್ಯುತ್ತನ್ನು ಹರಿಸುತ್ತದೆ. ಕೆರೆ ಏರಿಯ ಮೇಲೆ ಕರೆಂಟಿನ ತಂತಿ ಹಾದಿದ್ದರೆ ಅಲ್ಲಿ ಎಸೆಯಬೇಡಿ, ನೀರಿಗೆ ಹೋಗುವ ದಾರಿಯಲ್ಲೂ ಕೋಲನ್ನು ಅಡ್ಡಡ್ಡ ಹಿಡಿದೇ ನಡೆಯಿರಿ. ಗುಡುಗು ಕೇಳಿದರೆ ಕೋಲನ್ನು ಕೆಳಗಿಟ್ಟು ದಡ ಬಿಡಿ.