ಅತಿಥಿಯ ಧರ್ಮ: ಮಿನಿಕಾಯ್ ದ್ವೀಪದ ಹಳ್ಳಿಗಳು ಕಲಿಸುವ ಪಾಠ

ಅತಿಥಿಯನ್ನು ದೇವರೆಂದು ಭಾವಿಸಬೇಕೆಂಬ ತೈತ್ತಿರೀಯ ಉಪನಿಷತ್ತಿನ ಉಪದೇಶವನ್ನು ನಾವು ಶಾಲಾದಿನಗಳಿಂದಲೂ ಕೇಳುತ್ತ ಬಂದಿದ್ದೇವೆ. ಆದರೆ ಆ ಉಪದೇಶ ಆತಿಥೇಯನನ್ನು ಉದ್ದೇಶಿಸಿದ್ದು ಎಂಬ ಅಂಶವನ್ನು ಸಾಮಾನ್ಯವಾಗಿ ಮರೆಯುತ್ತೇವೆ. ಗುರುಕುಲವನ್ನು ಬಿಟ್ಟು ಗೃಹಸ್ಥನಾಗಲು ಹೊರಟ ಶಿಷ್ಯನಿಗೆ ಗುರು ಹೇಳಿದ ಮಾತದು. ಬಾಗಿಲಿಗೆ ಬಂದವರನ್ನು ಹೇಗೆ ಕಾಣಬೇಕೆಂಬುದು ಅಲ್ಲಿದೆ. ಬಾಗಿಲಿಗೆ ಹೋದವನು ಹೇಗಿರಬೇಕೆಂಬುದು ಅಲ್ಲಿಲ್ಲ. ಅತಿಥಿಯ ಕರ್ತವ್ಯವೇನು ಎಂಬ ಈ ಎರಡನೆಯ ಪ್ರಶ್ನೆಯನ್ನು ಒಂದು ದ್ವೀಪದ ಹಳ್ಳಿಗಳ ನಿದರ್ಶನದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕ್ಷೇತ್ರಕಾರ್ಯಕ್ಕೆ ಹೊರಡುವ ನಮ್ಮ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಕೇವಲ ತಾತ್ತ್ವಿಕವಾದುದಲ್ಲ.

1. ಮೂರು ಪದಗಳು

ಊರಿನಿಂದ ಊರಿಗೆ ಹೋಗುವವನಿಗೆ ನಮ್ಮಲ್ಲಿ ಹಲವು ಹೆಸರುಗಳುಂಟು. ‘ಅತಿಥಿ’ ಎಂದರೆ ತಿಥಿಯನ್ನು ಗೊತ್ತುಮಾಡದೆ ಬರುವವನು ಎಂಬುದು ಸಾಂಪ್ರದಾಯಿಕ ನಿರ್ವಚನ. ಅವನು ಆತಿಥೇಯನ ಕೃಪೆಯಲ್ಲಿರುತ್ತಾನೆ, ಬಡಿಸಿದ್ದನ್ನು ಉಣ್ಣುತ್ತಾನೆ. ‘ಯಾತ್ರಿಕ’ನಾದರೋ ವ್ರತನಿಯಮಗಳಿಗೆ ಕಟ್ಟುಬಿದ್ದವನು. ಏನು ತಿನ್ನಬೇಕು, ಎಲ್ಲಿ ಪಾದರಕ್ಷೆ ಕಳಚಬೇಕು ಎಂಬುದು ಹೊರಡುವ ಮುನ್ನವೇ ಅವನಿಗೆ ತಿಳಿದಿರುತ್ತದೆ. ‘ಪ್ರವಾಸಿ’ ಎಂಬ ಪದ ಕಾವ್ಯಪರಂಪರೆಯಲ್ಲಿ ಮನೆಯಿಂದ ದೂರವಾದವನ ವಿರಹವನ್ನು ಧ್ವನಿಸುತ್ತಿತ್ತು. ಆಧುನಿಕ ಕಾಲದಲ್ಲಿ ಅದರ ಅರ್ಥ ಬದಲಾಗಿದೆ. ಇಂದಿನ ಪ್ರವಾಸಿ ತಿಥಿಯನ್ನು ಮುಂಗಡವಾಗಿ ಕಾದಿರಿಸಿ, ಹಣ ತೆತ್ತು ಬರುತ್ತಾನೆ. ಹಣ ತೆತ್ತಿರುವುದರಿಂದ ಎಲ್ಲವನ್ನೂ ನೋಡುವ ಹಕ್ಕು ತನಗಿದೆಯೆಂದು ಭಾವಿಸುತ್ತಾನೆ. ಅತಿಥಿಯ ವಿನಯವನ್ನೂ ಯಾತ್ರಿಕನ ನಿಯಮವನ್ನೂ ಒಟ್ಟಿಗೆ ಕಳೆದುಕೊಂಡ ಸ್ಥಿತಿಯಿದು. ಅವೆರಡನ್ನೂ ಅವನು ಮರಳಿ ಪಡೆಯಬಲ್ಲನೇ?

2. ಕನ್ನಡನಾಡಿಗೆ ಪರಿಚಿತವಾಗಿದ್ದ ದ್ವೀಪಗಳು

ಲಕ್ಷದ್ವೀಪ ಸಮೂಹ ನಮಗೆ ತೀರ ಅಪರಿಚಿತವಲ್ಲ. ಅದರ ಉತ್ತರಭಾಗದ ಅಮೀನ್‌ದೀವಿ ದ್ವೀಪಗಳ ಜನರು ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಕಣ್ಣಾನೂರಿನ ಅರಕ್ಕಲ್ ಮನೆತನದ ಆಡಳಿತದಿಂದ ಬೇಸತ್ತು ಮಂಗಳೂರಿಗೆ ಬಂದು ಟಿಪ್ಪುಸುಲ್ತಾನನ ಆಶ್ರಯವನ್ನು ಬೇಡಿದರು. 1799ರ ಅನಂತರ ಆ ದ್ವೀಪಗಳು ಬ್ರಿಟಿಷರ ವಶವಾಗಿ, ಮುಂದೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ 1956ರವರೆಗೆ ಉಳಿದವು. ದ್ವೀಪದ ತೆಂಗಿನ ನಾರು ಮಂಗಳೂರಿನ ಬಂದರಿಗೆ ಬರುತ್ತಿತ್ತು. ಅಕ್ಕಿ ಆ ಕಡೆಗೆ ಹೋಗುತ್ತಿತ್ತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೆ ಸೇರಿದಾಗ ಈ ದ್ವೀಪಗಳು ಪ್ರತ್ಯೇಕ ಕೇಂದ್ರಾಡಳಿತ ಪ್ರದೇಶದಲ್ಲಿ ಸೇರಿದವು. ‘ಲಕ್ಷದ್ವೀಪ’ ಎಂಬ ಹೆಸರು ಅಧಿಕೃತವಾದದ್ದು 1973ರಲ್ಲಿ.

ಈ ಸಮೂಹದ ದಕ್ಷಿಣ ತುದಿಯಲ್ಲಿ, ಉಳಿದ ದ್ವೀಪಗಳಿಂದ ವಿಶಾಲವಾದ ಕಡಲಿನಿಂದ ಬೇರ್ಪಟ್ಟು, ಮಾಲ್ದೀವಿಗೆ ಸಮೀಪದಲ್ಲಿ ಮಿನಿಕಾಯ್ ಇದೆ. ಅಲ್ಲಿನವರು ಅದನ್ನು ‘ಮಲಿಕು’ ಎನ್ನುತ್ತಾರೆ. ಇತರ ದ್ವೀಪಗಳ ಆಡುಮಾತು ಮಲಯಾಳದ ಒಂದು ರೂಪವಾದರೆ, ಮಿನಿಕಾಯ್‌ನ ‘ಮಹಲ್’ ಮಾಲ್ದೀವಿನ ದಿವೇಹಿಯ ಪ್ರಭೇದ. ಅದನ್ನು ಬಲದಿಂದ ಎಡಕ್ಕೆ ಸಾಗುವ ‘ತಾನ’ ಲಿಪಿಯಲ್ಲಿ ಬರೆಯುತ್ತಾರೆ. ಭಾಷೆಯಲ್ಲೂ ವ್ಯವಸ್ಥೆಯಲ್ಲೂ ನಮಗೆ ದೂರವಾಗಿರುವುದರಿಂದಲೇ ಈ ದ್ವೀಪವನ್ನು ನಿದರ್ಶನವಾಗಿ ಆರಿಸಿಕೊಂಡಿದ್ದೇನೆ.

3. ಹಳ್ಳಿಯ ವ್ಯವಸ್ಥೆ

ಐದು ಚದರ ಕಿಲೋಮೀಟರಿಗೂ ಕಡಿಮೆಯಿರುವ ಈ ದ್ವೀಪದಲ್ಲಿ ಜನವಸತಿ ಹತ್ತಾರು ಹಳ್ಳಿಗಳಾಗಿ ವಿಭಾಗಗೊಂಡಿದೆ. ಪ್ರತಿ ಹಳ್ಳಿಗೂ ಒಂದು ಸಮುದಾಯದ ಮನೆಯುಂಟು. ಅಲಂಕರಿಸಿದ ‘ಜಹಾಧೋಣಿ’ ಎಂಬ ಸ್ಪರ್ಧೆಯ ದೋಣಿಯುಂಟು. ಹಳ್ಳಿಯ ಕೆಲಸಗಳನ್ನು ನಡೆಸಲು ಪುರುಷರ ಕಡೆಯಿಂದ ‘ಬೊಡುಕಾಕ’, ಸ್ತ್ರೀಯರ ಕಡೆಯಿಂದ ‘ಬೊಡುತಾತ’ ಎಂಬ ಹಿರಿಯರಿದ್ದಾರೆ. ‘ಬೊಡು’ ಎಂದರೆ ದೊಡ್ಡ ಎಂದರ್ಥ. ಕನ್ನಡಿಗನ ಕಿವಿಗೆ ‘ತಾತ’ ಎಂದೊಡನೆ ಅಜ್ಜ ನೆನಪಾಗುತ್ತಾನೆ. ಇಲ್ಲಿ ಆ ಪದ ಸೂಚಿಸುವುದು ಹಿರಿಯ ಹೆಂಗಸನ್ನು. ಪರಿಚಿತವೆಂದು ತೋರಿದ್ದು ಪರಿಚಿತವಲ್ಲವೆಂಬ ಎಚ್ಚರವನ್ನು ಈ ಒಂದು ಪದವೇ ಕಲಿಸುತ್ತದೆ.

ಇಲ್ಲಿನ ಗಂಡಸರು ಬಹುಕಾಲದಿಂದ ನಾವಿಕರಾಗಿ ದೇಶದೇಶಗಳ ಹಡಗುಗಳಲ್ಲಿ ದುಡಿಯುತ್ತ ಬಂದಿದ್ದಾರೆ. ಊರಲ್ಲಿರುವವರು ಜೀವಂತ ಚಿಕ್ಕ ಮೀನುಗಳನ್ನು ಚೆಲ್ಲಿ, ಗಾಳದ ಕೋಲಿನಿಂದ ಸೂರೆಮೀನು ಹಿಡಿಯುತ್ತಾರೆ; ಅದನ್ನು ಬೇಯಿಸಿ, ಹೊಗೆಯಾಡಿಸಿ, ಒಣಗಿಸಿ ‘ಮಾಸ್’ ತಯಾರಿಸುತ್ತಾರೆ. ಗಂಡಸರು ಕಡಲಿನಲ್ಲಿರುವಾಗ ಊರನ್ನು ನಡೆಸುವವರು ಹೆಂಗಸರು. ವಂಶವನ್ನು ತಾಯಿಯ ಕಡೆಯಿಂದ ಗಣಿಸುವ ಪದ್ಧತಿಯೂ ಇದೆ. ತುಳುನಾಡಿನ ಅಳಿಯಸಂತಾನವನ್ನು ಬಲ್ಲವರು ಕೂಡಲೇ ಎರಡನ್ನೂ ಸಮೀಕರಿಸಲು ಹೊರಡುತ್ತಾರೆ. ಹೋಲಿಕೆ ಅಧ್ಯಯನಕ್ಕೆ ಆರಂಭವಾಗಬಹುದೇ ಹೊರತು ತೀರ್ಮಾನವಾಗಲಾರದು.

ಹೊರಗಿನವರ ಅವಸರದ ನೋಟಕ್ಕೆ ಹಳೆಯ ಉದಾಹರಣೆಯೂ ಇದೆ. ಅರಬ್ಬಿ ಸಮುದ್ರದಲ್ಲಿ ಹೆಂಗಸರ ದ್ವೀಪವೊಂದಿದೆಯೆಂದು ಮಾರ್ಕೊ ಪೋಲೊ ಬರೆದ. ಮುಂದೆ ಕೆಲವರು ಅದು ಮಿನಿಕಾಯ್ ಎಂದೇ ಗುರುತಿಸಿದರು. ಈ ಗುರುತಿಸುವಿಕೆ ಸರಿಯೋ ತಪ್ಪೋ, ವಿಚಿತ್ರವನ್ನು ಹುಡುಕುತ್ತ ಬಂದವರ ಕಣ್ಣಿಗೆ ಹೆಂಗಸರ ದುಡಿಮೆ ಕಾಣದೆ ಹೆಂಗಸರ ಸಂಖ್ಯೆ ಮಾತ್ರ ಕಂಡಿತೆಂಬುದು ಗಮನಾರ್ಹ.

4. ಒಂದು ತಪ್ಪು

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳ ಚಿಕ್ಕ ತಂಡದೊಂದಿಗೆ ಕೊಚ್ಚಿಯಿಂದ ಹಡಗಿನಲ್ಲಿ ಈ ದ್ವೀಪಕ್ಕೆ ಹೋಗಿದ್ದೆ. ಮೊದಲ ದಿನ ಮಧ್ಯಾಹ್ನ ಒಂದು ಹಳ್ಳಿಯ ಸಮುದಾಯದ ಮನೆಯ ಮುಂದೆ ಹೆಂಗಸರು ಕುಳಿತು ಕೆಲಸ ಮಾಡುತ್ತಿದ್ದರು. ನಾನು ಯಾರನ್ನೂ ಕೇಳದೆ ಕ್ಯಾಮೆರಾ ತೆಗೆದೆ. ಒಬ್ಬ ಹಿರಿಯರು ಬಂದು, ಗದರದೆ, ಹಿಂದಿಯಲ್ಲಿ ಒಂದೇ ಮಾತು ಕೇಳಿದರು: ನಿಮ್ಮ ಮನೆಯ ಅಂಗಳಕ್ಕೆ ಯಾರಾದರೂ ಹೀಗೆ ಬರುತ್ತಾರೆಯೇ ಎಂದು. ನನಗೆ ಉತ್ತರ ಹೊಳೆಯಲಿಲ್ಲ. ಕ್ಷೇತ್ರಕಾರ್ಯದ ಶಿಸ್ತನ್ನು ಎಷ್ಟೋ ವರ್ಷ ತರಗತಿಯಲ್ಲಿ ಬೋಧಿಸಿದವನು ನಾನು. ಆ ಅಂಗಳ ಅಂಗಳವೆಂದು ನನಗೆ ತೋರಿರಲಿಲ್ಲ, ಅದು ಬೀದಿಯೆಂದೇ ಭಾವಿಸಿದ್ದೆ. ಕ್ಷಮೆ ಕೇಳಿ, ಅವರ ಮುಂದೆಯೇ ಆ ಚಿತ್ರಗಳನ್ನು ಅಳಿಸಿದೆ. ಮರುದಿನ ಅದೇ ಹಿರಿಯರು ನಮ್ಮನ್ನು ಕರೆಸಿ, ಜಹಾಧೋಣಿಯನ್ನು ಇರಿಸಿದ್ದ ಚಾವಡಿಗೆ ಕರೆದೊಯ್ದು ವಿವರವಾಗಿ ತೋರಿಸಿದರು. ಕೇಳದೆ ತೆಗೆದುಕೊಂಡಿದ್ದನ್ನು ಹಿಂತಿರುಗಿಸಿದ ಮೇಲೆ, ಕೇಳದೆಯೇ ಕೊಟ್ಟರು.

ಅಂದು ಸಂಜೆ ವಿದ್ಯಾರ್ಥಿಯೊಬ್ಬ ದಡದಲ್ಲಿ ಬಿದ್ದಿದ್ದ ಹವಳದ ತುಂಡನ್ನು ನೆನಪಿಗಾಗಿ ಚೀಲಕ್ಕೆ ಹಾಕಿಕೊಂಡಿದ್ದ. ಹವಳ ಒಯ್ಯುವುದು ಕಾನೂನಿಗೆ ವಿರುದ್ಧ ಎಂದಷ್ಟೇ ಹೇಳಿದ್ದರೆ ಸಾಕಿತ್ತು. ಆದರೆ ದ್ವೀಪವೇ ಹವಳದಿಂದಾದದ್ದು, ನಾವು ನಿಂತ ನೆಲವೇ ಅದು ಎಂದು ತಿಳಿದಾಗ ಅವನೇ ಹೋಗಿ ಅದನ್ನು ಮರಳಿ ದಡದಲ್ಲಿ ಇಟ್ಟು ಬಂದ.

5. ನಿಯಮಗಳ ಹಿಂದಿರುವ ಕಾರಣ

ಲಕ್ಷದ್ವೀಪಕ್ಕೆ ಹೋಗಲು 1967ರ ನಿಯಮಾವಳಿಯಂತೆ ಪ್ರವೇಶಾನುಮತಿ ಬೇಕು. ಹಲವು ಪ್ರವಾಸಿಗರಿಗೆ ಇದು ಕಿರಿಕಿರಿಯೆನಿಸುತ್ತದೆ. ದ್ವೀಪದ ಪ್ರಕೃತಿಯನ್ನು ಬಲ್ಲವರಿಗೆ ಹಾಗೆನಿಸದು. ಇಡೀ ಲಕ್ಷದ್ವೀಪದ ಭೂಪ್ರದೇಶ ಸುಮಾರು 32 ಚದರ ಕಿಲೋಮೀಟರ್. ಜನವಸತಿಯಿರುವ ದ್ವೀಪಗಳು ಹತ್ತು. 2011ರ ಜನಗಣತಿಯಂತೆ ಜನಸಂಖ್ಯೆ 64 ಸಾವಿರಕ್ಕೂ ಹೆಚ್ಚು. ಹೊಳೆಯಿಲ್ಲ, ಕೆರೆಯಿಲ್ಲ. ಮಳೆನೀರು ಹವಳದ ಮರಳಿನಲ್ಲಿ ಇಂಗಿ, ಅಡಿಯಲ್ಲಿರುವ ಉಪ್ಪುನೀರಿನ ಮೇಲೆ ತೆಳುವಾದ ಸಿಹಿನೀರಿನ ಪದರವಾಗಿ ನಿಲ್ಲುತ್ತದೆ. ಬಾವಿಯಿಂದ ಮಿತಿಮೀರಿ ಸೇದಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಕಡಲನೀರನ್ನು ಸಿಹಿಯಾಗಿಸುವ ಸ್ಥಾವರ ಕವರತ್ತಿಯಲ್ಲಿ 2005ರಲ್ಲೂ ಮಿನಿಕಾಯ್‌ನಲ್ಲಿ 2011ರಲ್ಲೂ ಬಂದಿತು. ಆದರೂ ನೆಲದಡಿಯ ನೀರನ್ನು ಕಾಯುವ ಹೊಣೆ ತಪ್ಪಿಲ್ಲ. ಅತಿಥಿ ಹೆಚ್ಚಾಗಿ ಸುರಿದುಕೊಂಡ ಪ್ರತಿ ಕೊಡ ನೀರೂ ಆತಿಥೇಯನ ಬಾವಿಯ ಲೆಕ್ಕಕ್ಕೆ ಸೇರುತ್ತದೆ.

ಸುತ್ತಲಿನ ಹವಳದ ದಿಬ್ಬಗಳು 1998, 2010, 2016 ಮತ್ತು 2024ರಲ್ಲಿ ಕಡಲಿನ ತಾಪಕ್ಕೆ ಬಿಳಿಚಿಕೊಂಡವು. ಅಲೆಗಳ ಹೊಡೆತವನ್ನು ತಡೆಯುವ ಗೋಡೆ ಅದೇ. 2021ರಲ್ಲಿ ಭೂಮಿಯ ಬಳಕೆ ಮತ್ತು ಅಭಿವೃದ್ಧಿಯ ಕುರಿತ ಕರಡು ನಿಯಮಗಳು ಪ್ರಕಟವಾದಾಗ ದ್ವೀಪವಾಸಿಗಳು ವ್ಯಾಪಕವಾಗಿ ಪ್ರತಿಭಟಿಸಿದರು. 2024ರ ಜನವರಿಯಲ್ಲಿ ಪ್ರಧಾನಮಂತ್ರಿಗಳು ಭೇಟಿಯಿತ್ತ ಬಳಿಕ ದೇಶದ ಗಮನ ಒಮ್ಮೆಲೇ ಈ ದ್ವೀಪಗಳ ಕಡೆಗೆ ತಿರುಗಿತು. ಪ್ರವಾಸೋದ್ಯಮದಿಂದ ಜೀವನೋಪಾಯ ದೊರೆಯುವುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಎಷ್ಟು ಮಂದಿ, ಯಾವ ರೀತಿಯಲ್ಲಿ ಬರಬೇಕೆಂಬುದನ್ನು ನಿರ್ಧರಿಸುವಲ್ಲಿ ಆ ಮನೆಯವರ ಮಾತಿಗೆ ಬೆಲೆಯಿರಬೇಕು.

6. ಉಪಸಂಹಾರ

ಮೇಲಿನ ವಿವೇಚನೆಯಿಂದ ಅತಿಥಿಯ ಧರ್ಮವನ್ನು ಹೀಗೆ ಸಂಗ್ರಹಿಸಬಹುದು. ಮೊದಲು ಹಿರಿಯರನ್ನು ಕಂಡು, ಬಂದ ಕಾರಣವನ್ನು ತಿಳಿಸುವುದು. ಉಡುಪು, ಮಾತು, ಆಹಾರಗಳಲ್ಲಿ ಆ ಊರಿನ ಮರ್ಯಾದೆಗೆ ಒಳಪಡುವುದು. ಮದ್ಯವನ್ನು ಒಪ್ಪದ ಸಮಾಜದಲ್ಲಿ ಅದನ್ನು ಬಯಸದಿರುವುದು. ಚಿತ್ರವನ್ನಾಗಲಿ ಧ್ವನಿಯನ್ನಾಗಲಿ ಕೇಳಿ ಪಡೆಯುವುದು. ಬೇಡವೆಂದರೆ ಕಾರಣ ಕೇಳದಿರುವುದು. ನೀರನ್ನು ಮಿತವಾಗಿ ಬಳಸುವುದು. ತಂದ ಪ್ಲಾಸ್ಟಿಕ್ಕನ್ನು ಮರಳಿ ಒಯ್ಯುವುದು, ಹವಳವನ್ನು ಅಲ್ಲಿಯೇ ಬಿಡುವುದು. ಇವೆಲ್ಲದರ ಹಿಂದಿರುವ ತತ್ತ್ವ ಒಂದೇ: ಊರು ತೋರಿಸಿದ್ದನ್ನು ಮನಸ್ಸಿಟ್ಟು ನೋಡುವುದು, ತೋರಿಸದಿದ್ದುದನ್ನು ನೋಡದೆ ಮರಳಲು ಒಪ್ಪುವುದು.

ಸಂಶೋಧಕನಿಗೆ ಈ ಕೊನೆಯ ಮಾತು ಕಠಿಣವಾದುದು. ಮಾಹಿತಿ ಅಪೂರ್ಣವಾಯಿತೆಂಬ ಕೊರಗು ಅವನನ್ನು ಕಾಡುತ್ತದೆ. ಆದರೆ ಹೊರನಾಡಿನ ಕನ್ನಡಿಗರಾದ ನಮಗೆ ಇದು ಅರ್ಥವಾಗಬೇಕು. ಬೇರೆ ಭಾಷೆಯ ನಗರದಲ್ಲಿ ಬಾಳುವ ನಾವು ನೆರೆಯವರ ಅಂಗಳದ ಗೆರೆಯನ್ನು ದಿನವೂ ಅರಿತು ನಡೆಯುತ್ತೇವೆ. ನಮ್ಮ ಮನೆಯ ಮಾತನ್ನೂ ಹಬ್ಬವನ್ನೂ ಯಾರಾದರೂ ಕುತೂಹಲದ ವಸ್ತುವಾಗಿ ಕಂಡಾಗ ಆಗುವ ಮುಜುಗರವನ್ನೂ ಬಲ್ಲೆವು. ಆ ಅನುಭವವನ್ನು ಮರೆಯದೆ ಹಡಗು ಹತ್ತಿದ ವಿದ್ಯಾರ್ಥಿ ಕಡಿಮೆ ಚಿತ್ರಗಳೊಂದಿಗೆ ಮರಳಬಹುದು. ಮತ್ತೊಮ್ಮೆ ಬಾ ಎಂಬ ಕರೆ ಅವನೊಂದಿಗೆ ಬಂದಿದ್ದರೆ ಅವನ ಕ್ಷೇತ್ರಕಾರ್ಯ ಸಫಲವಾಯಿತೆಂದೇ ತಿಳಿಯಬೇಕು.