ಸೋಲಾರ್ ಕೊಳ್ಳುವ ಮುನ್ನ ತಾರಸಿ ಹತ್ತಿ ನೋಡಿ

ಮೈಸೂರಿನ ಕುವೆಂಪುನಗರದ ನಮ್ಮ ಬೀದಿಯಲ್ಲಿ ಸೋಲಾರ್ ಇಲ್ಲದ ತಾರಸಿ ಹುಡುಕಿದರೂ ಸಿಗುವುದು ಕಷ್ಟ. ಆದರೂ ಧನುರ್ಮಾಸ ಬಂತೆಂದರೆ ಒಂದಲ್ಲ ಒಂದು ಮನೆಯಿಂದ ಅದೇ ಮಾತು: "ಸೋಲಾರ್ ಇದೆ ಕಣ್ರೀ, ಆದ್ರೆ ಒಂದು ಬಕೆಟ್ ತಣ್ಣೀರು ಬಂದು ಹೋಗೋವರೆಗೂ ಬಿಸಿನೀರು ಬರಲ್ಲ. ಅಷ್ಟೊತ್ತಿಗೆ ಸ್ಕೂಲ್ ವ್ಯಾನ್ ಬಂದು ಹಾರ್ನ್ ಹೊಡೀತಿರುತ್ತೆ."

ಇಪ್ಪತ್ತು ವರ್ಷಗಳಲ್ಲಿ ಎರಡು ಸಲ ಸೋಲಾರ್ ಹಾಕಿಸಿ, ಒಮ್ಮೆ ಪೂರ್ತಿ ಪೈಪ್ ಕಿತ್ತು ಬದಲಾಯಿಸಿದವನಾಗಿ ಹೇಳುತ್ತೇನೆ, ಮೈಸೂರಿನಲ್ಲಿ ಬಿಸಿಲಿಗೆ ಕೊರತೆಯಿಲ್ಲ. ತೊಂದರೆಯೆಲ್ಲ ಇರುವುದು ಪೈಪಿನ ದಪ್ಪ, ಟ್ಯಾಂಕಿನ ಎತ್ತರ ಮತ್ತು ನೀರಿನ ಗುಣದಲ್ಲಿ. ಈ ಮೂರನ್ನೂ ಅಂಗಡಿಗೆ ಹೋಗುವ ಮೊದಲೇ ನೀವೇ ನೋಡಿಕೊಳ್ಳಬಹುದು. ಮನೆ ಕಟ್ಟುತ್ತಿರುವವರಾದರೆ ಗಾರೆಯವರು ಗೋಡೆಗೆ ಪ್ಲಾಸ್ಟರ್ ಮಾಡುವ ಮುನ್ನವೇ ನೋಡಿಕೊಳ್ಳಬೇಕು.

ಮೊದಲು ಬಕೆಟ್ ಎಣಿಸಿ

"ನಾಲ್ಕು ಜನಕ್ಕೆ ಎಷ್ಟು ಲೀಟರಿನದು ಬೇಕು?" ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದು. ಜನರ ಲೆಕ್ಕಕ್ಕಿಂತ ಸ್ನಾನದ ರೀತಿಯ ಲೆಕ್ಕ ಮುಖ್ಯ. ಟ್ಯಾಂಕಿನ ನೀರು 60 ಡಿಗ್ರಿ ಇದ್ದು, ನಲ್ಲಿಯ ತಣ್ಣೀರು 24 ಡಿಗ್ರಿ ಇದ್ದರೆ, ಮೈಗೆ ಹಿತವಾಗುವ 40 ಡಿಗ್ರಿಯ ಒಂದು ಬಕೆಟ್‌ಗೆ ಅರ್ಧ ಬಕೆಟ್‌ಗಿಂತ ಕಡಿಮೆ ಬಿಸಿನೀರು ಸಾಕು. ಎರಡು ಬಕೆಟ್ ಸ್ನಾನಕ್ಕೆ ಸುಮಾರು 15 ಲೀಟರ್ ಬಿಸಿನೀರು. ಅದೇ ಎಂಟು ಹತ್ತು ನಿಮಿಷ ಶವರ್ ಕೆಳಗೆ ನಿಂತರೆ 30 ಲೀಟರ್ ಅಥವಾ ಇನ್ನೂ ಹೆಚ್ಚು. ಆದ್ದರಿಂದ ಬಕೆಟ್ ಸ್ನಾನದ ನಾಲ್ವರ ಮನೆಗೆ, ಪಾತ್ರೆ ತೊಳೆಯುವುದನ್ನೂ ಸೇರಿಸಿ, 100 ಲೀಟರ್ ಸಾಕಾಗುತ್ತದೆ. ಶವರ್ ಅಭ್ಯಾಸದ ನಾಲ್ವರಿಗೆ 150ರಿಂದ 200 ಬೇಕು. ಒಂದು ವಿಷಯ ನೆನಪಿರಲಿ: ಬಿಸಿನೀರು ಬಳಸಿದಷ್ಟೂ ಟ್ಯಾಂಕಿನ ತಳಕ್ಕೆ ತಣ್ಣೀರು ಸೇರುತ್ತಾ ಹೋಗುತ್ತದೆ. ಹಾಗಾಗಿ ಕೊನೆಯ ಪಾಲು ಉಗುರುಬೆಚ್ಚಗಷ್ಟೇ ಇರುತ್ತದೆ.

ನಮ್ಮ ಕಡೆ ಈ ಲೆಕ್ಕ ತಪ್ಪುವ ದಿನ ನರಕ ಚತುರ್ದಶಿ. ಹಿಂದಿನ ಸಂಜೆ ನೀರು ತುಂಬುವ ಹಬ್ಬ, ಮಾರನೆಯ ದಿನ ಸೂರ್ಯ ಹುಟ್ಟುವ ಮುನ್ನವೇ ಮನೆಮಂದಿಗೆಲ್ಲ ಎಣ್ಣೆಸ್ನಾನ. ಹಂಡೆಯ ಕಾಲದಲ್ಲಿ ಅಜ್ಜಿ ಬಚ್ಚಲೊಲೆಗೆ ತೆಂಗಿನ ಸೋಗೆ ತುರುಕುತ್ತಾ ಎಷ್ಟು ಜನ ಬಂದರೂ ನೀರು ಕಾಯಿಸುತ್ತಿದ್ದರು. ಸೋಲಾರ್ ಟ್ಯಾಂಕಿಗೆ ಆ ಸೌಲಭ್ಯವಿಲ್ಲ. ಹಿಂದಿನ ದಿನ ಕಾದದ್ದೇ ನೀರು, ಅದೂ ಹಿಂಗಾರಿನ ಮೋಡದ ದಿನಗಳಲ್ಲಿ. ಹಾಗಂತ ವರ್ಷಕ್ಕೊಂದು ದಿನಕ್ಕಾಗಿ ದುಪ್ಪಟ್ಟು ಟ್ಯಾಂಕ್ ಕೊಳ್ಳಬೇಡಿ. ಅವತ್ತಿನ ಮಟ್ಟಿಗೆ ಟ್ಯಾಂಕಿನೊಳಗಿನ ಕರೆಂಟಿನ ಬ್ಯಾಕಪ್ ಕಾಯಿಲ್ ಬಳಸಿದರಾಯಿತು.

ತಾರಸಿಯಲ್ಲಿ ನೆರಳು ನೋಡುವ ಬಗೆ

ಪ್ಯಾನೆಲ್ ಅಥವಾ ಟ್ಯೂಬ್ ದಕ್ಷಿಣಕ್ಕೆ ಮುಖ ಮಾಡಿರಬೇಕೆಂದು ಎಲ್ಲರಿಗೂ ಗೊತ್ತು. ಅದರ ಮೇಲೆ ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ನೆರಳು ಬೀಳಬಾರದು ಎನ್ನುವುದನ್ನು ಮಾತ್ರ ಬಹಳ ಜನ ತಪ್ಪು ತಿಂಗಳಲ್ಲಿ ಪರೀಕ್ಷಿಸುತ್ತಾರೆ. ಮೈಸೂರು ಇರುವುದು 12 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ನಾಲ್ಕನೇ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಆಗ ದಕ್ಷಿಣದ ಪಕ್ಕದ ಮನೆಯ ನೆರಳು ನಿಮ್ಮ ತಾರಸಿಗೆ ಬೀಳುವುದೇ ಇಲ್ಲ. ಡಿಸೆಂಬರ್‌ನಲ್ಲಿ ಪರಿಸ್ಥಿತಿ ಬೇರೆ. ನಡುಮಧ್ಯಾಹ್ನ ನೆರಳು ಎತ್ತರದ ಮುಕ್ಕಾಲು ಪಾಲಿನಷ್ಟು, ಬೆಳಿಗ್ಗೆ 9ಕ್ಕೂ ಮಧ್ಯಾಹ್ನ 3ಕ್ಕೂ ಎತ್ತರದ ಒಂದೂವರೆ ಪಟ್ಟು ಉದ್ದವಿರುತ್ತದೆ. ಅಂದರೆ ನಿಮ್ಮ ತಾರಸಿಗಿಂತ 10 ಅಡಿ ಮೇಲೆದ್ದ ಗೋಡೆ ಮಧ್ಯಾಹ್ನ 7 ಅಡಿ, ಬೆಳಿಗ್ಗೆ 15 ಅಡಿ ನೆರಳು ಚಾಚುತ್ತದೆ. ಬಿಸಿನೀರು ಹೆಚ್ಚು ಬೇಕಾಗುವುದೂ ಡಿಸೆಂಬರ್‌ನಲ್ಲೇ.

30 ಅಡಿ 40 ಅಡಿಯ ಸೈಟುಗಳಲ್ಲಿ ಈ ಲೆಕ್ಕ ಬಹಳ ಮುಖ್ಯ. ದಕ್ಷಿಣದ ಸೈಟು ಇನ್ನೂ ಖಾಲಿಯಿದ್ದರೆ, ಮುಂದೆ ಅಲ್ಲೊಂದು ಮೂರು ಅಂತಸ್ತು ಏಳಬಹುದು ಎಂದುಕೊಂಡೇ ಸ್ಟ್ಯಾಂಡನ್ನು ತಾರಸಿಯ ಉತ್ತರ ಭಾಗದಲ್ಲಿ ಇಡಿಸಿ. ಪಕ್ಕದ ತೆಂಗಿನ ಮರದ ಗರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಇಳಿಜಾರಿನ ಕೋನ ಅಕ್ಷಾಂಶಕ್ಕಿಂತ ಹತ್ತು ಹದಿನೈದು ಡಿಗ್ರಿ ಹೆಚ್ಚಿದ್ದರೆ, ಅಂದರೆ 22ರಿಂದ 27 ಡಿಗ್ರಿ, ಚಳಿಗಾಲಕ್ಕೆ ಒಳ್ಳೆಯದು.

ಭಾರದ ವಿಷಯವನ್ನೂ ಮರೆಯಬೇಡಿ. 200 ಲೀಟರ್ ಟ್ಯಾಂಕಿನಲ್ಲಿ ನೀರೇ 200 ಕಿಲೋ. ಸ್ಟ್ಯಾಂಡಿನ ಕಾಲುಗಳು ತೊಲೆ ಅಥವಾ ಗೋಡೆಯ ನೇರಕ್ಕೆ ಬರಲಿ. ಶೀಟಿನ ಮಾಡಾದರೆ ಎಂಜಿನಿಯರನ್ನು ಕೇಳದೆ ಮುಂದುವರಿಯಬೇಡಿ.

ಮೂರು ಎತ್ತರ

ಮನೆಯ ಸೋಲಾರ್‌ಗೆ ಪಂಪು ಬೇಡ. ಕಾದ ನೀರು ಹಗುರಾಗಿ ತಾನೇ ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಎತ್ತರಗಳು ಸರಿಯಿದ್ದರೆ ಮಾತ್ರ ಈ ಸುತ್ತಾಟ ನಡೆಯುತ್ತದೆ. ಎಲ್ಲಕ್ಕಿಂತ ಕೆಳಗೆ ಪ್ಯಾನೆಲ್ ಇರಬೇಕು. ಗಾಜಿನ ಪ್ಯಾನೆಲ್ ಆದರೆ ಅದರ ಮೇಲ್ತುದಿಗಿಂತ ಸುಮಾರು ಒಂದಡಿ ಮೇಲೆ ಬಿಸಿನೀರಿನ ಟ್ಯಾಂಕಿನ ತಳವಿರಬೇಕು. ಇಲ್ಲದಿದ್ದರೆ ರಾತ್ರಿ ನೀರು ಹಿಮ್ಮುಖವಾಗಿ ಹರಿದು ಹಗಲಿಡೀ ಕಾದದ್ದು ತಣ್ಣಗಾಗುತ್ತದೆ. ಆ ಟ್ಯಾಂಕಿನ ತಲೆಗಿಂತ ಎರಡು ಮೂರಡಿ ಮೇಲೆ ತಣ್ಣೀರಿನ ಸಿಂಟೆಕ್ಸ್‌ನ ತಳ ಬರಬೇಕು. ಮೈಸೂರಿನ ಹಳೆಯ ಮನೆಗಳಲ್ಲಿ ಸಿಂಟೆಕ್ಸ್ ನೇರವಾಗಿ ತಾರಸಿಯ ಮೇಲೇ ಕೂತಿರುವುದರಿಂದ ಮೊದಲ ಖರ್ಚು ಅದಕ್ಕೊಂದು ಎತ್ತರದ ಕಟ್ಟೆ ಕಟ್ಟಿಸುವುದೇ. ಎಲ್ಲಕ್ಕಿಂತ ಮೇಲೆ, ಸಿಂಟೆಕ್ಸ್‌ನ ನೀರಿನ ಮಟ್ಟವನ್ನೂ ದಾಟಿ, ಏರ್ ವೆಂಟ್ ಪೈಪಿನ ಬಾಯಿ.

ಈ ವೆಂಟ್ ಪೈಪಿನ ಬಾಯಿಗೆ ಯಾವ ಕಾರಣಕ್ಕೂ ಮುಚ್ಚಳ ಹಾಕಬೇಡಿ. ನೀರು ತೊಟ್ಟಿಕ್ಕುತ್ತದೆ, ಹಬೆ ಬರುತ್ತದೆ ಎಂದು ಕ್ಯಾಪ್ ಜಡಿಯುವವರಿದ್ದಾರೆ. ಆಗ ಹಬೆಗೆ ಹೊರದಾರಿಯಿಲ್ಲದೆ ಟ್ಯಾಂಕ್ ಬಿರಿಯಬಹುದು. ಇಲ್ಲವೇ ತಣ್ಣೀರು ಬಾರದ ಹೊತ್ತಿನಲ್ಲಿ ಯಾರಾದರೂ ಬಿಸಿನೀರು ಬಿಟ್ಟುಕೊಂಡರೆ ಗಾಳಿಯೂ ಇಲ್ಲದೆ ಒಳಟ್ಯಾಂಕ್ ಕುಗ್ಗಿ ಹೋಗಬಹುದು. ಮನೆಗೆ ಪ್ರೆಷರ್ ಪಂಪ್ ಹಾಕಿಸಿದ್ದರೆ ಅಥವಾ ಹಾಕಿಸುವ ಯೋಚನೆಯಿದ್ದರೆ ಮೊದಲೇ ಹೇಳಿ, ಒತ್ತಡ ತಾಳುವ ಟ್ಯಾಂಕನ್ನೇ ಕೇಳಿ.

ಬೇಳೆ ಬೇಯದ ನೀರು

ಟ್ಯೂಬೋ ಪ್ಯಾನೆಲೋ ಎನ್ನುವ ಪ್ರಶ್ನೆಗೆ ನಿಮ್ಮ ಅಡುಗೆಮನೆಯಲ್ಲೇ ಉತ್ತರವಿದೆ. ವಾಣಿ ವಿಲಾಸ ನೀರು ಸರಬರಾಜಿನ ಕಾವೇರಿ ಅಥವಾ ಕಬಿನಿ ನೀರು ಬರುವ ಮನೆಯಾದರೆ ಯಾವುದಾದರೂ ಸರಿ. ತಾಮ್ರದ ಪ್ಯಾನೆಲ್ ಸರಿಯಾಗಿ ನೋಡಿಕೊಂಡರೆ ದಶಕಗಳೇ ಬಾಳುತ್ತದೆ. ಅದರ ಗಾಜೂ ಗಟ್ಟಿ. 100 ಲೀಟರ್‌ಗೆ ಸುಮಾರು 2 ಚದರ ಮೀಟರಿನ ಒಂದು ಪ್ಯಾನೆಲ್ ಬೇಕಾಗುತ್ತದೆ. ಆದರೆ ರಿಂಗ್ ರಸ್ತೆಯ ಆಚೆಯ ಎಷ್ಟೋ ಬಡಾವಣೆಗಳು ಇನ್ನೂ ಬೋರ್‌ವೆಲ್ ನೀರನ್ನೇ ನಂಬಿವೆ. ಬೇಳೆ ಬೇಗ ಬೇಯದಿದ್ದರೆ, ಸೋಪು ನೊರೆ ಬರದಿದ್ದರೆ, ನಲ್ಲಿಯ ಬಾಯಿಗೆ ಬಿಳಿ ಪುಡಿ ಕಟ್ಟಿದರೆ ಅದು ಗಡಸು ನೀರು. ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸುವಾಗ ಟಿಡಿಎಸ್ ಮಾತ್ರವಲ್ಲ, ಗಡಸುತನವನ್ನೂ ಅಳೆಯಲು ಹೇಳಿ. ಎರಡೂ ಒಂದೇ ಅಲ್ಲ.

ಲೀಟರ್‌ಗೆ 300 ಮಿಲಿಗ್ರಾಂ ಗಡಸುತನವಿರುವ ನೀರನ್ನು ದಿನಕ್ಕೆ 100 ಲೀಟರಿನಂತೆ ಕಾಯಿಸಿದರೆ, ವರ್ಷಕ್ಕೆ ಸುಮಾರು 11 ಕಿಲೋ ಸುಣ್ಣದಂಶ ಆ ಟ್ಯಾಂಕಿನ ಮೂಲಕ ಹಾದುಹೋಗುತ್ತದೆ. ಅದರಲ್ಲಿ ಅಲ್ಪ ಪಾಲು ಅಂಟಿಕೊಂಡರೂ ಪ್ಯಾನೆಲಿನ ಸಣ್ಣ ತಾಮ್ರದ ಕೊಳವೆಗಳು ಕಟ್ಟಿಕೊಳ್ಳುತ್ತವೆ. ನೀರು ಬಿಸಿಯಾದಷ್ಟೂ ಪದರ ಬೇಗ ಕಟ್ಟುತ್ತದೆ. ಅಂಥ ಕಡೆ ಅಗಲ ಬಾಯಿಯ ಗಾಜಿನ ಟ್ಯೂಬ್ ವಾಸಿ, ಬಿಚ್ಚಿ ತೊಳೆಯಲು ಬರುತ್ತದೆ. ಬೋರ್ ನೀರಿನಲ್ಲಿ ಉಪ್ಪಿನಂಶವೂ ಇದ್ದರೆ ಸ್ಟೀಲಿನ ಟ್ಯಾಂಕ್ ಬೆಸುಗೆಯ ಜಾಗದಲ್ಲಿ ತೂತಾಗುವುದುಂಟು. ಒಳಗೆ ಗಾಜಿನ ಲೇಪವಿರುವ ಟ್ಯಾಂಕ್ ಕೇಳಿ. ಅದರೊಳಗೆ ಮೆಗ್ನೀಷಿಯಂ ರಾಡ್ ಇರುತ್ತದೆ. ಅದು ತಾನು ಸವೆದು ಟ್ಯಾಂಕನ್ನು ಉಳಿಸುತ್ತದೆ, ಆದ್ದರಿಂದ ಕಾಲಕಾಲಕ್ಕೆ ತೆಗೆಸಿ ನೋಡಿ ಬದಲಾಯಿಸಬೇಕು.

ಟ್ಯೂಬಿನಲ್ಲೂ ಒಂದು ದೋಷವಿದೆ. ಏಪ್ರಿಲ್, ಮೇ ತಿಂಗಳ ಆಲಿಕಲ್ಲು ಮಳೆಗೋ ಮಂಗನ ಕುಣಿತಕ್ಕೋ ಒಂದೇ ಒಂದು ಟ್ಯೂಬ್ ಒಡೆದರೂ ಟ್ಯಾಂಕಿನ ನೀರೆಲ್ಲ ಹರಿದುಹೋಗುತ್ತದೆ. ಸಿಂಟೆಕ್ಸ್‌ನಿಂದ ಬರುವ ವಾಲ್ವ್ ಎಲ್ಲಿದೆ ಎಂದು ಮನೆಯ ಎಲ್ಲರಿಗೂ ಗೊತ್ತಿರಲಿ.

ಆ ಒಂದು ಬಕೆಟ್ ತಣ್ಣೀರು

ಮೊದಲ ಸಲ ನಮ್ಮ ಮನೆಗೆ ಸೋಲಾರ್ ಬಂದಾಗ ಪ್ಲಂಬರ್ ತಾರಸಿಯಿಂದ ಕೆಳಗಿನ ಬಚ್ಚಲಿಗೆ ಒಂದಿಂಚಿನ ಪೈಪ್ ಎಳೆದಿದ್ದರು. ದಪ್ಪ ಪೈಪಾದರೆ ನೀರು ಜೋರಾಗಿ ಬರುತ್ತದೆ ಎಂದು ನಾನೂ ಖುಷಿಪಟ್ಟಿದ್ದೆ. 60 ಅಡಿ ಉದ್ದದ ಒಂದಿಂಚಿನ ಪೈಪಿನಲ್ಲಿ 9 ಲೀಟರ್ ನೀರು ನಿಂತಿರುತ್ತದೆ. ರಾತ್ರಿ ತಣ್ಣಗಾದ ಅಷ್ಟೂ ನೀರು ಬೆಳಿಗ್ಗೆ ಹೊರಬಂದು, ತಣ್ಣನೆಯ ಪೈಪೂ ಬೆಚ್ಚಗಾದ ಮೇಲೆಯೇ ಬಿಸಿನೀರು. ಮುಕ್ಕಾಲು ಇಂಚಾದರೆ ಇದು ಸುಮಾರು 5 ಲೀಟರ್‌ಗೆ, ಅರ್ಧ ಇಂಚಾದರೆ ಎರಡೂವರೆ ಲೀಟರ್‌ಗೆ ಇಳಿಯುತ್ತದೆ. ಕೆಳಗಿಳಿಯುವ ಮುಖ್ಯ ಪೈಪ್ ಮುಕ್ಕಾಲು ಇಂಚು, ಬಚ್ಚಲೊಳಗಿನದು ಅರ್ಧ ಇಂಚು ಎಂದು ಹೇಳಿ. ಬಿಸಿನೀರಿಗೆ ಮಾಮೂಲಿ ಪಿವಿಸಿ ಬೇಡ, ಸಿಪಿವಿಸಿಯೇ ಆಗಬೇಕು. ಗೋಡೆಯೊಳಗೂ ಹೊರಗೂ ಕಪ್ಪು ಫೋಮಿನ ತೋಳು ತೊಡಿಸಿ. ಮೊದಲು ಬರುವ ತಣ್ಣೀರನ್ನು ಬಕೆಟ್‌ನಲ್ಲಿ ಹಿಡಿದು ತುಳಸಿಗೆ, ಗಿಡಕ್ಕೆ ಹಾಕಿ. ನಮ್ಮಲ್ಲಿ ಈಗಲೂ ಹಾಗೇ.

"ನಿನ್ನೆವರೆಗೂ ಚೆನ್ನಾಗಿತ್ತು, ಇವತ್ತು ಬರೀ ಉಗುರುಬೆಚ್ಚಗೆ" ಎನ್ನುವ ದೂರಿಗೆ ಸಾಮಾನ್ಯ ಕಾರಣ ಮಿಕ್ಸರ್ ಕೊಳಾಯಿ. ಬಿಸಿ, ತಣ್ಣಗೆ ಎರಡೂ ತೆರೆದಿಟ್ಟು ಹ್ಯಾಂಡ್ ಶವರ್‌ನ ತುದಿಯನ್ನು ಮಾತ್ರ ಮುಚ್ಚಿದ್ದರೆ, ಒಳಗೊಳಗೇ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ಪರೀಕ್ಷೆ ಸುಲಭ. ಸೋಲಾರ್ ಟ್ಯಾಂಕಿಗೆ ಬರುವ ತಣ್ಣೀರಿನ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆಯಿರಿ. ಸ್ವಲ್ಪ ಬಂದು ನಿಂತರೆ ಸರಿ. ನಿಲ್ಲದೆ ಬರುತ್ತಲೇ ಇದ್ದರೆ ಎಲ್ಲೋ ಎರಡೂ ಕೂಡಿವೆ. ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಇದನ್ನು ಮಾಡಿ ನೋಡಿ, ತುಂಬ ಸಲ ಅಲ್ಲಿಗೇ ಮುಗಿಯುತ್ತದೆ. ಪರೀಕ್ಷೆ ಮುಗಿದ ಮೇಲೆ ವಾಲ್ವ್ ಮತ್ತೆ ತೆರೆಯುವುದನ್ನು ಮರೆಯಬೇಡಿ.

ಸೆಸ್ಕ್, ಗೃಹಜ್ಯೋತಿ ಮತ್ತು ಬಿಲ್ಲು

ಕರ್ನಾಟಕದಲ್ಲಿ 2007ರಿಂದಲೇ ನಗರಗಳ ನಿಗದಿತ ಅಳತೆಯ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ. ಕಾಯಂ ವಿದ್ಯುತ್ ಸಂಪರ್ಕಕ್ಕೆ ಅದನ್ನು ಕೇಳುತ್ತಾರೆ. ಹಾಗಾಗಿ ಕರೆಂಟ್ ಸಿಗಲೆಂದು ಮಾತ್ರ ಎಲ್ಲಕ್ಕಿಂತ ಅಗ್ಗದ್ದನ್ನು ತಂದು ನಿಲ್ಲಿಸುವ ರೂಢಿ ಬೆಳೆದಿದೆ. ಹೇಗೂ ಹಣ ಕೊಡುತ್ತೀರಿ, ಬಾಳುವುದನ್ನೇ ತನ್ನಿ. ಗೃಹಬಳಕೆಯ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ಸೋಲಾರ್ ರಿಯಾಯಿತಿಯ ಪದ್ಧತಿಯಿದೆ. ನಿಮ್ಮ ಬಿಲ್ಲಿನಲ್ಲಿ ಕಾಣದಿದ್ದರೆ ನಮ್ಮ ವಿದ್ಯುತ್ ಸರಬರಾಜು ಕಂಪನಿ ಸೆಸ್ಕ್‌ನ ಉಪವಿಭಾಗದ ಕಚೇರಿಯಲ್ಲಿ ವಿಚಾರಿಸಿ.

ಇದಕ್ಕಿಂತ ದೊಡ್ಡ ಲೆಕ್ಕ ಗೀಸರಿನದು. 100 ಲೀಟರ್ ನೀರನ್ನು 24ರಿಂದ 60 ಡಿಗ್ರಿಗೆ ಏರಿಸಲು ಸುಮಾರು 4.2 ಯೂನಿಟ್ ಬೇಕು, ತಿಂಗಳಿಗೆ 120 ಯೂನಿಟ್ ದಾಟುತ್ತದೆ. 2023ರಲ್ಲಿ ಬಂದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ ಮಿತಿ 200 ಯೂನಿಟ್. ಅದನ್ನು ಮೀರಿದರೆ ಪೂರ್ತಿ ಬಿಲ್ ನಿಮ್ಮದೇ. ಸೋಲಾರ್ ಇರುವ ಮನೆ ಮಿತಿಯೊಳಗೆ ಉಳಿಯುವುದು ಎಷ್ಟು ಸುಲಭ ನೋಡಿ.

"ಪಿಎಂ ಸೂರ್ಯಘರ್ ಸಬ್ಸಿಡಿ ಇದಕ್ಕೂ ಸಿಗುತ್ತದೆಯೇ?" ಇಲ್ಲ. 2024ರ ಆ ಯೋಜನೆ ವಿದ್ಯುತ್ ಉತ್ಪಾದಿಸುವ ಪ್ಯಾನೆಲ್‌ಗಳಿಗೆ. ಅದೂ ಬೇಕು, ಇದೂ ಬೇಕು ಎನ್ನುವವರು ತಾರಸಿಯ ಜಾಗವನ್ನು ಮೊದಲೇ ಹಂಚಿಕೊಳ್ಳಿ. ನೀರಿನ ಟ್ಯಾಂಕಿನ ನೆರಳು ವಿದ್ಯುತ್ ಪ್ಯಾನೆಲಿನ ಮೇಲೆ ಬೀಳಬಾರದು.

ಅಳವಡಿಸುವ ದಿನ ಮತ್ತು ಆಮೇಲೆ

ಅಂಗಡಿಯಲ್ಲಿ ನಾಲ್ಕು ಮಾತು ಬರಹದಲ್ಲಿ ಪಡೆಯಿರಿ: ಐಎಸ್ಐ ಗುರುತು ಇದೆಯೇ, ಟ್ಯಾಂಕಿಗೆ ಎಷ್ಟು ವರ್ಷದ ಗ್ಯಾರಂಟಿ, ಗಡಸು ನೀರಿಗೂ ಅದು ಅನ್ವಯಿಸುತ್ತದೆಯೇ, ಸರ್ವಿಸ್‌ಗೆ ಮೈಸೂರಿನಲ್ಲೇ ಜನ ಇದ್ದಾರೆಯೇ. ಮೂರನೆಯದನ್ನು ಕೇಳದೆ ಆಮೇಲೆ ಪೇಚಾಡಿದವರು ಬಹಳ.

ಬ್ಯಾಕಪ್ ಕಾಯಿಲ್ ಹಾಕಿಸಿದರೆ ಅದಕ್ಕೆ ಬೇರೆ ಎಂಸಿಬಿ, ಸರಿಯಾದ ಅರ್ಥಿಂಗ್, ಆರ್‌ಸಿಸಿಬಿ ಇರಲೇಬೇಕು. ಆಷಾಢ, ಶ್ರಾವಣದ ಮೋಡದ ದಿನ ಸಂಜೆ ಟ್ಯಾಂಕ್ ಎಷ್ಟು ಕಾದಿದೆ ಎಂದು ನೋಡಿ, ಅರ್ಧ ಮುಕ್ಕಾಲು ಗಂಟೆ ಹಾಕಿದರೆ ಸಾಕು. ಬೆಳಿಗ್ಗೆಯಿಂದಲೇ ಹಾಕಿಟ್ಟರೆ ಸೂರ್ಯ ಪುಕ್ಕಟೆ ಮಾಡುವ ಕೆಲಸಕ್ಕೆ ಕರೆಂಟು ಸುಡುತ್ತೀರಿ. ಬಟ್ಟೆ ನೆನೆಸಲು ಬಿಸಿನೀರು ಬೇಕಾದರೆ ಬೆಳಿಗ್ಗೆ ಎಂಟು ಒಂಬತ್ತಕ್ಕೇ ಹಿಡಿದುಕೊಳ್ಳಿ, ಸಂಜೆಯೊಳಗೆ ಹೊಸ ನೀರು ಕಾಯುತ್ತದೆ. ರಾತ್ರಿ ಬಳಸಿದ್ದು ಬೆಳಗಿನ ಸ್ನಾನದ ಪಾಲಿನಿಂದಲೇ ಹೋಗುತ್ತದೆ.

ಮಾರ್ಚ್, ಏಪ್ರಿಲ್‌ನಲ್ಲಿ ಟ್ಯಾಂಕಿನ ನೀರು 70, 80 ಡಿಗ್ರಿ ಮುಟ್ಟುತ್ತದೆ. ಮಕ್ಕಳ ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಈ ಕ್ರಮ ಮನೆಯಲ್ಲಿ ಯಾರೂ ತಪ್ಪಬಾರದು. ತಿಂಗಳಿಗೊಮ್ಮೆ, ಬಿಸಿಲೇರುವ ಮುನ್ನ ಗಾಜಿನ ಧೂಳು ತೊಳೆಯಿರಿ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರೆ ವಾರಕ್ಕೊಮ್ಮೆ.

ಬೇಸಿಗೆ ರಜೆಗೆ ಹದಿನೈದು ದಿನ ಊರಿಗೆ ಹೊರಟರೆ ಟ್ಯೂಬುಗಳ ಮೇಲೆ ಗೋಣಿತಾಟು ಅಥವಾ ಹಳೆಯ ಬೆಡ್‌ಶೀಟ್ ಹೊದಿಸಿ ಬಿಗಿಯಾಗಿ ಕಟ್ಟಿ, ಸಿಂಟೆಕ್ಸ್ ತುಂಬಿಸಿಟ್ಟು ಹೋಗಿ. ಹಿಂದಿರುಗಿದಾಗ ಟ್ಯಾಂಕ್ ಬರಿದಾಗಿದ್ದರೆ ಆ ಮಧ್ಯಾಹ್ನವೇ ನೀರು ಬಿಡಬೇಡಿ. ಒಣಗಿ ಕಾದ ಗಾಜಿನೊಳಗೆ ತಣ್ಣೀರು ಬಿದ್ದರೆ ಟ್ಯೂಬ್ ಸಿಡಿಯುತ್ತದೆ. ಒಂದು ರಾತ್ರಿ ತಣಿಯಲು ಬಿಟ್ಟು, ಮಾರನೆಯ ದಿನ ಸೂರ್ಯ ಹುಟ್ಟುವ ಮುನ್ನ ವಾಲ್ವ್ ತೆರೆಯಿರಿ.