ಬಡಿಸುವ ಕೈಗಳ ಲೆಕ್ಕ

ಊರಿನಲ್ಲಿ ಮದುವೆ ಖರ್ಚು ಇಳಿಸಬೇಕೆಂದರೆ ಮೊದಲು ಎಲೆ ಲೆಕ್ಕ ಇಳಿಸುತ್ತಾರೆ. ಸಾವಿರ ಎಲೆ ಐನೂರಾದರೆ ಅರ್ಧ ಭಾರ ಇಳಿಯಿತು. ಅಡುಗೆ ಭಟ್ಟರು, ಬಡಿಸುವ ಹುಡುಗರು, ಛತ್ರ ಗುಡಿಸುವವರು ಎಲ್ಲ ಗುತ್ತಿಗೆಯೊಳಗೇ ಬಂದುಬಿಡುವುದರಿಂದ ಅವರ ಕೂಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಸ್ವೀಡನ್ನಿನಲ್ಲಿ ಈ ಲೆಕ್ಕ ತಲೆಕೆಳಗು. ಅಕ್ಕಿ, ಬೇಳೆ, ಜಾಗ ಯಾವುದೂ ಇಲ್ಲಿ ಜೇಬು ಸುಡುವುದಿಲ್ಲ. ಸುಡುವುದು ಇನ್ನೊಬ್ಬರ ದುಡಿಮೆ. ಸಂಬಳದ ಮೇಲೆ ಮಾಲೀಕರು ಶೇ 31.42ರಷ್ಟು ಸಾಮಾಜಿಕ ವಂತಿಗೆ ಕಟ್ಟಬೇಕು. ಆಮೇಲೆ ಹೆಚ್ಚಿನ ಸೇವೆಗಳಿಗೆ ಶೇ 25 ಮೌಲ್ಯವರ್ಧಿತ ತೆರಿಗೆ. ಫೋಟೋ ತೆಗೆಯುವವರಿಂದ ಹಿಡಿದು ಕುರ್ಚಿ ಜೋಡಿಸುವವರ ತನಕ ಎಲ್ಲರ ದರದಲ್ಲೂ ಅದು ಅಡಗಿ ಕೂತಿರುತ್ತದೆ. ತಮ್ಮನ ಮದುವೆಯ ಲೆಕ್ಕದ ಪುಸ್ತಕ ನನ್ನ ಪಾಲಿಗೆ ಬಂದಾಗ ಹಾಕಿಕೊಂಡ ನಿಯಮ ಒಂದೇ: ಸಾಮಾನಿಗೆ ಧಾರಾಳ, ಕೂಲಿಗೆ ಬಿಗಿ.

ಹುಡುಗ ಹುಡುಗಿ ಇಬ್ಬರೂ ಉಪ್ಸಾಲಾದಲ್ಲಿ ಓದು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದವರು. ಉಳಿತಾಯ ಸುಮಾರು 60 ಸಾವಿರ ಕ್ರೋನಾ, ನಮ್ಮ ಲೆಕ್ಕದಲ್ಲಿ ಐದು ಲಕ್ಷ ರೂಪಾಯಿಯ ಆಸುಪಾಸು. ಊರಿನವರಿಗೆ ಅದು ದೊಡ್ಡ ಮೊತ್ತ. ಇಲ್ಲಿ ಒಂದು ನಡುಮಟ್ಟದ ಹೋಟೆಲಿನಲ್ಲಿ ಮದುವೆ ಊಟಕ್ಕೂ ಸಾಲುವುದು ಕಷ್ಟ. "ಅಕ್ಕಾ, ಬ್ಯಾಂಕಿನಲ್ಲಿ ಇನ್ನೊಂದು 60 ಸಾವಿರ ಎತ್ತಿಬಿಡೋಣ" ಎಂದ ತಮ್ಮ. ಬೇಡ ಎಂದೆ. ಅಡಮಾನವಿಲ್ಲದ ಸಾಲದ ಬಡ್ಡಿಯ ಮೇಲೆ ಇಲ್ಲಿ ಹಿಂದೆ ಶೇ 30ರ ತೆರಿಗೆ ರಿಯಾಯಿತಿ ಸಿಗುತ್ತಿತ್ತು. 2025ರಲ್ಲಿ ಅದು ಅರ್ಧ ಬಡ್ಡಿಗೆ ಮಾತ್ರ, 2026ರಿಂದ ಪೂರ್ತಿ ರದ್ದು. ಕಂತು ತಪ್ಪಿ ಪಾವತಿ ಲೋಪದ ಟಿಪ್ಪಣಿ ಬಿದ್ದರಂತೂ ಮೂರು ವರ್ಷ ಹೆಸರಿಗೆ ಅಂಟಿಕೊಂಡಿರುತ್ತದೆ, ಬಾಡಿಗೆ ಮನೆ ಕೇಳಲು ಹೋದರೂ ಅದೇ ಎದುರಾಗುತ್ತದೆ. ಹೊಸ ಸಂಸಾರಕ್ಕೆ ಈ ಉಡುಗೊರೆ ಬೇಕಿರಲಿಲ್ಲ.

ಕಾನೂನಿನ ಮದುವೆಗೆ ಖರ್ಚು ಇಲ್ಲವೆಂದೇ ಹೇಳಬೇಕು. ಮದುವೆಗೆ ಅಡ್ಡಿಯಿಲ್ಲ ಎಂಬ ಪ್ರಮಾಣಪತ್ರವನ್ನು ತೆರಿಗೆ ಇಲಾಖೆಯಾದ ಸ್ಕಾತೆವೆರ್ಕೆಟ್ ಉಚಿತವಾಗಿ ಕೊಡುತ್ತದೆ. ನಾಲ್ಕು ತಿಂಗಳು ಅದರ ಆಯುಸ್ಸು. ಇಬ್ಬರು ಸಾಕ್ಷಿಗಳಿದ್ದರೆ ಅಧಿಕಾರಿಯ ಮುಂದೆ ಮದುವೆ ಆಗಿಬಿಡುತ್ತದೆ. ಚಿಕ್ಕ ಪಾಠ ಆರಿಸಿಕೊಂಡರೆ ಒಂದು ನಿಮಿಷವೂ ಹಿಡಿಯುವುದಿಲ್ಲ. ನಮ್ಮಮ್ಮ ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಮುಗಿದಿತ್ತು. ಸರ್ಕಾರದ ಪರವಾನಗಿ ಇಲ್ಲದ ಪುರೋಹಿತರು ಎಷ್ಟು ಶಾಸ್ತ್ರೋಕ್ತವಾಗಿ ತಾಳಿ ಕಟ್ಟಿಸಿದರೂ ದಾಖಲೆಯ ಮಟ್ಟಿಗೆ ಅದು ಮದುವೆಯಲ್ಲ, ಹಾಗಾಗಿ ಈ ಒಂದು ನಿಮಿಷ ತಪ್ಪಿಸುವಂತಿಲ್ಲ.

ನಿಜವಾದ ಉಳಿತಾಯ ಆದದ್ದು ಜಾಗದಲ್ಲಿ. ಸ್ವೀಡನ್ನಿನ ಹಳ್ಳಿಗಳಲ್ಲಿ ಬಿಗ್ಡೆಗೋರ್ಡ್ ಎಂಬ ಸಮುದಾಯ ಭವನಗಳಿವೆ. ಊರವರೇ ಸೇರಿ ಕಟ್ಟಿಕೊಂಡವು. ಅವುಗಳ ರಾಷ್ಟ್ರೀಯ ಒಕ್ಕೂಟ 1944ರಲ್ಲೇ ಶುರುವಾಯಿತು. ಉಪ್ಸಾಲಾದ ಹೊರಗೆ ಹೊಲಗಳ ನಡುವೆ ಇದ್ದ ಒಂದು ಭವನ ಶುಕ್ರವಾರ ಸಂಜೆಯಿಂದ ಭಾನುವಾರದ ತನಕ ಐದು ಸಾವಿರ ಕ್ರೋನಾ ಚಿಲ್ಲರೆಗೆ ಸಿಕ್ಕಿತು. ಮರದ ನೆಲ, ಪುಟ್ಟ ವೇದಿಕೆ, ನೂರು ಜನಕ್ಕಾಗುವಷ್ಟು ಪಿಂಗಾಣಿ ತಟ್ಟೆ, ದೊಡ್ಡ ಒಲೆ. ಕೀಲಿ ಕೊಟ್ಟ ಹಿರಿಯರು ಅಡುಗೆಮನೆ ಗೋಡೆಯ ಪಟ್ಟಿ ತೋರಿಸಿದರು: ಚಮಚ ಎಣಿಸಿ ಇಡಬೇಕು, ಒಲೆ ತಿಕ್ಕಬೇಕು, ಕಸ ಬೇರ್ಪಡಿಸಿ ಒಯ್ಯಬೇಕು, ನೆಲ ಒರೆಸಬೇಕು. ಬಾಡಿಗೆ ಯಾಕೆ ಕಡಿಮೆ ಅನ್ನುವುದಕ್ಕೆ ಉತ್ತರ ಆ ಪಟ್ಟಿಯಲ್ಲೇ ಇತ್ತು. ಮದುವೆಯ ಮಾರನೆಯ ದಿನ ಮದುಮಗನೇ ಪಂಚೆ ಎತ್ತಿಕಟ್ಟಿ ನೆಲ ಒರೆಸಿದ. ಬೀಗರ ಮುಂದೆ ಅಳಿಯ ಹೀಗೆ ಬಗ್ಗುವುದೇ ಎಂದು ಅಮ್ಮನಿಗೆ ಕಸಿವಿಸಿ, ಬೀಗರಿಗೆ ಮಾತ್ರ ಬಲು ಖುಷಿ.

ಅಡುಗೆ ಎಪ್ಪತ್ತು ಜನಕ್ಕೆ. ಹೊರಗಿಂದ ಬಡಿಸುವವರ ಸಮೇತ ತರಿಸಿದ್ದರೆ ಅರ್ಧ ಬಜೆಟ್ ಅಲ್ಲೇ ಮುಗಿಯುತ್ತಿತ್ತು. ಕನ್ನಡದ ಗೆಳೆಯರ ಐದು ಮನೆಗಳು ಒಂದೊಂದು ಬಗೆ ಹಂಚಿಕೊಂಡವು. ಸಾಮಾನೆಲ್ಲ ನಾವೇ ಕೊಡಿಸಿದೆವು, ದುಡಿಮೆ ಅವರದು. ಬಿಸಿಬೇಳೆಬಾತ್, ಕೋಸಂಬರಿ, ಪಲ್ಯ, ಚಿತ್ರಾನ್ನ, ಶ್ಯಾವಿಗೆ ಪಾಯಸ. ಮನೆ ತುಪ್ಪ ತರುತ್ತೇನೆಂದು ಅಮ್ಮ ಹಟ ಹಿಡಿದಿದ್ದರು. ಆದರೆ ಹೊರದೇಶದ ಹಾಲಿನ ಪದಾರ್ಥಗಳನ್ನು ಯುರೋಪಿನ ಒಕ್ಕೂಟದೊಳಗೆ ಸಾಮಾನಿನಲ್ಲಿ ಒಯ್ಯುವಂತಿಲ್ಲ. ಬಂದ ಮೇಲೆ ಇಲ್ಲಿಯ ಉಪ್ಪಿಲ್ಲದ ಬೆಣ್ಣೆ ಕಾಯಿಸಿ, ವೀಳ್ಯದೆಲೆ ಇಲ್ಲದ ಸಂಕಟ ಹೇಳಿಕೊಳ್ಳುತ್ತಲೇ ಸೋಸಿದರು. ಸ್ವೀಡಿಷ್ ಮದುವೆಗಳಲ್ಲಿ ಕೈ ಕಚ್ಚುವ ಬಾಬ್ತು ಮದ್ಯ. ಅದರ ಬದಲು ಪಾನಕ, ಮಜ್ಜಿಗೆ ಇಟ್ಟೆವು. ತಮ್ಮನ ಆಫೀಸಿನವರು ಮಜ್ಜಿಗೆಯನ್ನು ಸೂಪೆಂದು ತಿಳಿದು ಚಮಚ ಕೇಳಿದರು.

ಮಂಟಪಕ್ಕೆ ಬಾಳೆಕಂಬ ಸಿಗುವುದಿಲ್ಲ, ಬರ್ಚ್ ಮರದ ಎಳೆ ಕೊಂಬೆ ಬಲು ಚೆಂದ. ಕಾಡಿನಲ್ಲಿ ಯಾರು ಬೇಕಾದರೂ ಓಡಾಡುವ ಹಕ್ಕು ಇಲ್ಲಿದೆ ನಿಜ, ಆದರೆ ನಿಂತ ಮರದ ಕೊಂಬೆ ಮುರಿಯಲು ಜಮೀನಿನವರ ಒಪ್ಪಿಗೆ ಬೇಕೇ ಬೇಕು. ಕೀಲಿ ಕೊಟ್ಟ ಹಿರಿಯರೇ ತಮ್ಮ ಹೊಲದ ಅಂಚಿನಿಂದ ಕಡಿದುಕೊಟ್ಟರು. ಹೋಮ ಒಳಗೆ ಮಾಡಿದರೆ ಹೊಗೆ ಅಲಾರಂ ಕೂಗುತ್ತದೆ, ಸುಮ್ಮನೆ ಅಗ್ನಿಶಾಮಕ ದಳ ಬಂದರೆ ಬಿಲ್ ಕೂಡ ಬರಬಹುದು. ಅಂಗಳದಲ್ಲಿ ಪುಟ್ಟ ಕುಂಡ ಇಟ್ಟೆವು. ಬೇಸಿಗೆಯಲ್ಲಿ ಇದಕ್ಕೂ ಮೊದಲು ಬೆಂಕಿ ನಿಷೇಧ ಇದೆಯೇ ಎಂದು ನೋಡಿಕೊಳ್ಳಬೇಕು: ಕಾಡ್ಗಿಚ್ಚಿನ 2018ರಲ್ಲಿ ಅನೇಕ ಕಡೆ ಹೊರಗೆ ಒಲೆ ಹಚ್ಚುವುದಕ್ಕೂ ತಡೆ ಇತ್ತು.

ಇಷ್ಟೆಲ್ಲ ಉಳಿಸಿಯೂ ಲೆಕ್ಕ ಹಳ್ಳ ಹಿಡಿಯುವ ಅಪಾಯ ಬಂದದ್ದು ಊರಿನಿಂದ. ಹಾಸನದಲ್ಲಿ ಒಂದು ಆರತಕ್ಷತೆ ಆಗಲೇಬೇಕೆಂದು ಹುಡುಗಿಯ ಸೋದರಮಾವಂದಿರು. ನಮ್ಮ ಅಪ್ಪ ತೀರ್ಥಹಳ್ಳಿ ಕಡೆಯವರು, ಕುವೆಂಪು ಅವರ ಪುರೋಹಿತರಿಲ್ಲದ ಸರಳ ಮಂತ್ರಮಾಂಗಲ್ಯದ ಮದುವೆಗಳನ್ನು ಕಂಡವರು. 1966ರಲ್ಲಿ ತೇಜಸ್ವಿಯವರ ಮದುವೆ ಹಾಗೆಯೇ ಆದದ್ದನ್ನು ಈಗಲೂ ಹೇಳುತ್ತಾರೆ. "ಏನಮ್ಮಾ, ಆ ಹೋಮಾನೂ ಬೇಡವಾಗಿತ್ತು, ಇನ್ನು ಇದೊಂದು ಬೇರೆ" ಎಂದರು ಫೋನಿನಲ್ಲಿ. ಬೀಗಿತ್ತಿಗೆ ಸಪ್ತಪದಿ ಆಗಲೇಬೇಕಿತ್ತು. ಕೊನೆಗೆ ಹೋಮ ಅವರಿಗೆ, ಆರತಕ್ಷತೆ ರದ್ದು ನಮಗೆ ಎಂಬ ಒಪ್ಪಂದವಾಯಿತು. ಊರಿನ ಮನೆಯಂಗಳದಲ್ಲಿ ಒಂದು ಮಧ್ಯಾಹ್ನದ ಊಟ, ಅಷ್ಟೇ. ನನ್ನ ಕೇಳಿದರೆ ಹೊರದೇಶದ ಕನ್ನಡದ ಮಕ್ಕಳನ್ನು ಸಾಲಕ್ಕೆ ನೂಕುವುದು ಎರಡನೆಯ ಮದುವೆಯೇ, ಮೊದಲನೆಯದಲ್ಲ.

ತಗ್ಗಿಸಲು ಆಗದ್ದು ಅಪ್ಪ, ಅಮ್ಮ, ಬೀಗರ ಪ್ರಯಾಣ. ಷೆಂಗೆನ್ ವೀಸಾ ಶುಲ್ಕ 2024ರ ಜೂನಿನಿಂದ ತಲೆಗೆ 90 ಯೂರೋ, ಜೊತೆಗೆ ಕನಿಷ್ಠ 30 ಸಾವಿರ ಯೂರೋ ರಕ್ಷಣೆಯ ವಿಮೆ, ಆಮೇಲೆ ಬೇಸಿಗೆಯ ಟಿಕೆಟ್ಟು. ಅರ್ಧ ಬಜೆಟ್ಟು ಇದಕ್ಕೇ ಹೋಯಿತು, ಹೋಗಲಿ. ಮುಯ್ಯಿ ಇಲ್ಲಿಯ ಹಣ ಕಳಿಸುವ ಸ್ವಿಷ್ ಆ್ಯಪಿನಲ್ಲಿ ಬಂತು, ಅದನ್ನು ನಂಬಿ ಖರ್ಚಿಗೆ ಇಳಿಯಬಾರದೆಂದು ಲೆಕ್ಕದಿಂದ ಮೊದಲೇ ಹೊರಗಿಟ್ಟಿದ್ದೆ. ಕೂಲಿ ಕೊಟ್ಟು ಕರೆದದ್ದು ಫೋಟೋದವರನ್ನು ಮಾತ್ರ, ಅದೂ ಅರ್ಧ ದಿನಕ್ಕೆ. ಎಪ್ಪತ್ತು ಜನರ ಊಟದ ಸಾಮಾನಿಗಿಂತ ಅವರ ಬಿಲ್ಲೇ ಹೆಚ್ಚು. ಆಲ್ಬಂ ಇನ್ನೂ ಮುದ್ರಣವಾಗಿಲ್ಲ. ತಮ್ಮ ಊರಿಗೆ ಹೋದಾಗ ಅಲ್ಲೇ ಮಾಡಿಸಿಕೊಂಡು ಬರಲಿ ಎಂದು ಆ ಸಾಲನ್ನು ಪುಸ್ತಕದಲ್ಲಿ ಖಾಲಿ ಬಿಟ್ಟಿದ್ದೇನೆ.